ಕಂಪ್ಯೂಟರಿಗೆ ಕಾಣದ ಹಾರ್ಡ್ ಡಿಸ್ಕ್

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)



ಈ ವಿಷಯ ಇಟ್ಟುಕೊಂಡಿದ್ದೇನೆ ಅಂತ ಗ್ರೂಪಿನಲ್ಲಿ ಹಾಕಿದಾಗ ಒಬ್ಬರು, "ಇದಕ್ಕೆಲ್ಲ ಉಪನ್ಯಾಸ ಯಾಕೆ, ಮಗನನ್ನು ಕೇಳಿದರೆ ಆಯಿತಲ್ಲ" ಅಂದರು. ಮಗ ಎಲ್ಲಿದ್ದಾನೆ ಅಂತ ಕೇಳಿದೆ. ಟೊರಾಂಟೋದಲ್ಲಂತೆ. ಅವನು ಏಳುವ ಹೊತ್ತಿಗೆ ಇಲ್ಲಿ ಸಂಜೆ. ಅಷ್ಟರೊಳಗೆ ನಾವು ಗಾಬರಿಯಲ್ಲಿ ಪರದೆಯ ಮೇಲೆ ಬಂದ ನಾಲ್ಕು ಪ್ರಶ್ನೆಗೆ "ಯೆಸ್" ಒತ್ತಿರುತ್ತೇವೆ. ಹಾರ್ಡ್ ಡಿಸ್ಕ್ ವಿಷಯದಲ್ಲಿ ನಷ್ಟ ಆಗುವುದು ಬಹಳ ಸಲ ಆ "ಯೆಸ್"ನಿಂದಲೇ, ಡಿಸ್ಕ್ ಕೆಟ್ಟದ್ದರಿಂದ ಅಲ್ಲ. ಒಂದು ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿ 26 ವರ್ಷ ಕೂತು, ಎಲ್ಲರ ಡಿಸ್ಕ್ ನೋಡಿ ನೋಡಿ ನನಗೆ ಅನ್ನಿಸಿದ್ದು ಇದು.

ನಮ್ಮಂಥ ಮನೆಗಳಲ್ಲಿ ಡಿಸ್ಕಿನೊಳಗೆ ಏನಿರುತ್ತದೆ? ಊರಿನ ಮನೆ ಮಾರುವ ಮುಂಚೆ ತೆಗೆದ ಫೋಟೋಗಳು. ಅಪ್ಪನ ಷಷ್ಟ್ಯಬ್ದಿಯ ವಿಡಿಯೋ. ಸಂಘದ ಹಳೆಯ ನಾಟಕಗಳು, ಸ್ಮರಣ ಸಂಚಿಕೆಗಳ ಕಡತ. ಮುಂಬಯಿಗೆ ಬಂದು ನೆಲೆಸಿದವರಿಗೆ ಊರು ಅಂತ ಉಳಿದಿರುವುದರಲ್ಲಿ ಅರ್ಧ ಪಾಲು ಆ ಅಂಗೈ ಅಗಲದ ಡಬ್ಬಿಯಲ್ಲೇ ಇದೆ. ಅದು ಒಂದು ದಿನ ಕಂಪ್ಯೂಟರಿಗೆ ಚುಚ್ಚಿದರೆ ಕಾಣಿಸುವುದಿಲ್ಲ. ಆಗ ಏನು ಮಾಡಬೇಕು, ಮುಖ್ಯವಾಗಿ ಏನು ಮಾಡಬಾರದು, ಅಷ್ಟೇ ಇವತ್ತಿನ ಮಾತು.

ಮಿಕ್ಸಿ ತಿರುಗದಿದ್ದರೆ ನಾವೇನು ಮಾಡುತ್ತೇವೆ? ಪ್ಲಗ್ ಸರಿಯಾಗಿ ಕೂತಿದೆಯಾ ನೋಡುತ್ತೇವೆ. ಬೇರೆ ಪಾಯಿಂಟಿಗೆ ಹಾಕುತ್ತೇವೆ. ಜಾರ್ ತಿರುಗಿಸಿ ಕೂರಿಸುತ್ತೇವೆ. ತಳದಲ್ಲಿರುವ ಕೆಂಪು ಬಟನ್ ಒತ್ತುತ್ತೇವೆ. ಅದೂ ಆಗದಿದ್ದರೆ ಮಾತ್ರ ಅಂಗಡಿ. ಯಾರೂ ನಮಗೆ ಕಲಿಸಿದ್ದಲ್ಲ ಇದು. ಡಿಸ್ಕಿಗೂ ಇದೇ ಕ್ರಮ: ಮೊದಲು ಕರೆಂಟು, ಆಮೇಲೆ ತಂತಿ, ಆಮೇಲೆ ಸದ್ದು, ಎಲ್ಲಕ್ಕಿಂತ ಕೊನೆಗೆ ಪರದೆ. ಆದರೆ ಎಲ್ಲರೂ ಪರದೆಯಿಂದಲೇ ಶುರು ಮಾಡುತ್ತಾರೆ.

ಕರೆಂಟಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನ್ನ ಹತ್ತಿರ ಬರುವ "ಸತ್ತ" ಡಿಸ್ಕುಗಳಲ್ಲಿ ಹಲವು ಇಲ್ಲೇ ಎದ್ದು ಕೂರುತ್ತವೆ. ಎರಡು ಬಗೆಯ ಡಿಸ್ಕುಗಳಿವೆ. ಪುಸ್ತಕದಷ್ಟು ದಪ್ಪಗಿರುವ ದೊಡ್ಡದಕ್ಕೆ ಪ್ರತ್ಯೇಕ ಅಡಾಪ್ಟರ್ ಇರುತ್ತದೆ, ಸಾಮಾನ್ಯವಾಗಿ 12 ವೋಲ್ಟಿನದು. ನಮ್ಮ ಮನೆಗಳ ಡ್ರಾಯರಿನಲ್ಲಿ ವೈ-ಫೈ ಡಬ್ಬಿಯದು, ಹಳೆಯ ಸೆಟ್ ಟಾಪ್ ಬಾಕ್ಸಿನದು, ಯಾವುದೋ ಆಟಿಕೆಯದು ಅಂತ ಹತ್ತು ಅಡಾಪ್ಟರ್ ಸುತ್ತಿಕೊಂಡು ಬಿದ್ದಿರುತ್ತವೆ. ಎಲ್ಲದರ ಪಿನ್ನೂ ಒಂದೇ ತೂತಿಗೆ ಹೋಗುತ್ತದೆ, ವೋಲ್ಟ್ ಮಾತ್ರ ಬೇರೆ. ಕಡಿಮೆಯಾದರೆ ಡಿಸ್ಕ್ ಏಳುವುದಿಲ್ಲ, ಹೆಚ್ಚಾದರೆ ಒಳಗಿನ ಬೋರ್ಡ್ ಸುಡುತ್ತದೆ. ಇವತ್ತೇ ಮನೆಗೆ ಹೋಗಿ ಅಡಾಪ್ಟರಿಗೆ ಬಿಳಿ ಪಟ್ಟಿ ಅಂಟಿಸಿ, ಯಾವುದರದ್ದು ಅಂತ ಬರೆಯಿರಿ. ಉಪ್ಪಿನಕಾಯಿ ಭರಣಿಗೆ ತಾರೀಕು ಬರೆದು ಅಂಟಿಸುವ ನಮಗೆ ಇದು ಭಾರವೇನಲ್ಲ.

ಎರಡನೆಯದು ಚಿಕ್ಕದು, ಪರ್ಸಿನಲ್ಲಿ ಹಿಡಿಸುವಂಥದ್ದು. ಇದು ಯುಎಸ್‌ಬಿ ತಂತಿಯಿಂದಲೇ ಕರೆಂಟು ಎಳೆದುಕೊಳ್ಳುತ್ತದೆ. ಹಳೆಯ ಯುಎಸ್‌ಬಿ 2 ಕಿಂಡಿ ಕೊಡುವುದು 500 ಮಿಲಿಆಂಪಿಯರ್, ಹೊಸ ಯುಎಸ್‌ಬಿ 3 ಕೊಡುವುದು 900. ಒಳಗಿನ ತಟ್ಟೆ ನಿಂತಲ್ಲಿಂದ ತಿರುಗಲು ಶುರುವಾಗುವ ಆ ಕ್ಷಣಕ್ಕೆ ಮಾಮೂಲಿಗಿಂತ ಹೆಚ್ಚು ಬೇಕು, ತುಂಬಿದ ಬಂಡಿಯನ್ನು ಮೊದಲ ಸಲ ತಳ್ಳಿದ ಹಾಗೆ. ಮಧ್ಯೆ ಒಂದು ಅಗ್ಗದ ಹಬ್ ಇಟ್ಟು ಅದರಲ್ಲಿ ಮೌಸ್, ಪೆನ್ ಡ್ರೈವ್, ಪ್ರಿಂಟರ್ ಎಲ್ಲ ಚುಚ್ಚಿದ್ದರೆ ಡಿಸ್ಕಿನ ಪಾಲಿಗೆ ಸಾಕಷ್ಟು ಸಿಗುವುದಿಲ್ಲ. ದೀಪ ಹತ್ತುತ್ತದೆ, ತಟ್ಟೆ ತಿರುಗುವುದಿಲ್ಲ. ದೀಪ ಹತ್ತಿತು ಅಂದ ಮಾತ್ರಕ್ಕೆ ಎಲ್ಲ ಸರಿ ಇದೆ ಅಂತಲ್ಲ. ಆದ್ದರಿಂದ ಹಬ್ ತೆಗೆದು ನೇರ ಕಂಪ್ಯೂಟರಿಗೇ ಹಾಕಿ. ಮೇಜಿನ ಕಂಪ್ಯೂಟರ್ ಆದರೆ ಡಬ್ಬದ ಮುಂದಿನ ಕಿಂಡಿ ಬಿಟ್ಟು ಹಿಂದಿನದಕ್ಕೆ ಹಾಕಿ. ಮುಂದಿನ ಕಿಂಡಿಗಳು ಒಳಗೆ ಉದ್ದದ ತಂತಿಯಲ್ಲಿ ಜೋಡಿಸಿದವು, ಹಿಂದಿನವು ಮದರ್‌ಬೋರ್ಡಿನ ಮೇಲೇ ಕೂತಿರುತ್ತವೆ.

ಇನ್ನು ತಂತಿ. ತಂತಿ ಹೊರಗಿನಿಂದ ನೋಡಿದರೆ ಹೊಸ ಮದುಮಗಳ ಹಾಗೆ ಇರುತ್ತದೆ, ಒಳಗೆ ಎಳೆ ತುಂಡಾಗಿರುತ್ತದೆ. ನಾವು ಅದನ್ನು ಡಿಸ್ಕಿಗೇ ಬಿಗಿಯಾಗಿ ಸುತ್ತಿ ಇಡುತ್ತೇವಲ್ಲ, ಕುತ್ತಿಗೆಯ ಹತ್ತಿರ ಮಡಚಿ ಮಡಚಿ ಅಲ್ಲೇ ಮುರಿಯುತ್ತದೆ. ಈಗಿನ ಸಿ-ಟೈಪ್ ತಂತಿಗಳಲ್ಲಿ ಇನ್ನೊಂದು ಗೋಳು: ಕೆಲವು ಬರೀ ಚಾರ್ಜಿಂಗಿಗೆ ಮಾಡಿದ್ದು, ಅವುಗಳಲ್ಲಿ ಮಾಹಿತಿ ಸಾಗಿಸುವ ಎಳೆಯೇ ಇರುವುದಿಲ್ಲ. ಡಿಸ್ಕ್ ತಿರುಗುತ್ತದೆ, ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಬೇರೆ ತಂತಿ, ಬೇರೆ ಕಿಂಡಿ, ಬೇರೆ ಕಂಪ್ಯೂಟರ್, ಈ ಮೂರನ್ನೂ ನೋಡದೆ ಡಿಸ್ಕ್ ಹೋಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಂಗಡಿಯವರು ಹೇಳಿದರೂ.

ಮೂರನೆಯದು ಕಿವಿ. ಕುಕ್ಕರಿನ ಸದ್ದಿನಲ್ಲೇ ಒಳಗೆ ನೀರಿದೆಯೋ ಇಲ್ಲವೋ ಹೇಳುವವರು ನಾವು. ಫ್ಯಾನು ನಿಲ್ಲಿಸಿ, ಟಿವಿ ಆರಿಸಿ, ಡಿಸ್ಕನ್ನು ಮೇಜಿನ ಮೇಲಿಟ್ಟು ತಂತಿ ಹಾಕಿ ಕಿವಿಗೊಟ್ಟು ಕೇಳಿ. ಸಣ್ಣಗೆ ಗುಯ್ ಅಂತ ಶುರುವಾಗಿ ಒಂದೇ ಸಮ ನಿಂತರೆ ತಟ್ಟೆ ತಿರುಗುತ್ತಿದೆ, ಒಳ್ಳೆಯದು. ಏನೂ ಸದ್ದಿಲ್ಲದಿದ್ದರೆ ಕರೆಂಟು ಹೋಗುತ್ತಿಲ್ಲ ಅಥವಾ ಬೋರ್ಡ್ ಕೆಟ್ಟಿದೆ. ಎದ್ದಂತೆ ಮಾಡಿ ಕುಸಿಯುವುದು, ಮತ್ತೆ ಏಳುವುದು, ಇದು ಕರೆಂಟು ಸಾಲದ ಲಕ್ಷಣ ಇರಬಹುದು. ಟಿಕ್, ಟಿಕ್, ಟಿಕ್ ಅಂತ ಗಡಿಯಾರದ ಹಾಗೆ ಬಡಿಯತೊಡಗಿದರೆ, ಅಥವಾ ಲೋಹ ಕೆರೆದ ಸದ್ದು ಬಂದರೆ, ತಕ್ಷಣ ತಂತಿ ಕಿತ್ತುಬಿಡಿ. "ಇನ್ನೊಂದು ಸಲ ನೋಡೋಣ" ಬೇಡ.

ಯಾಕೆ ಅಂತ ಹೇಳುತ್ತೇನೆ. ಆ ಡಬ್ಬಿಯೊಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳಿವೆ, ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಅದರ ಮೇಲೆ ಗ್ರಾಮಫೋನಿನ ಕೈಯಂಥ ಒಂದು ತೋಳು. ತೋಳಿನ ತುದಿಯ ಹೆಡ್ ತಟ್ಟೆಗೆ ತಾಗುವುದಿಲ್ಲ, ಗಾಳಿಯ ಮೇಲೆ ತೇಲುತ್ತದೆ. ಮಧ್ಯದ ಅಂತರ ಕೆಲವೇ ನ್ಯಾನೋಮೀಟರು, ಅಂದರೆ ನಮ್ಮ ತಲೆಗೂದಲಿನ ದಪ್ಪವನ್ನು ಸಾವಿರಾರು ಪಾಲು ಮಾಡಿದರೆ ಅದರಲ್ಲೊಂದು ಪಾಲು. ಅಲ್ಲಿಗೆ ಒಂದು ಧೂಳಿನ ಕಣ ಬಂದರೆ ಬಂಡೆ ಬಂದ ಹಾಗೆ. ಟಿಕ್ ಟಿಕ್ ಅನ್ನುವಾಗ ಸಾಮಾನ್ಯವಾಗಿ ಆ ತೋಳು ತನ್ನ ದಾರಿ ಸಿಗದೆ ಹಿಂದೆ ಮುಂದೆ ಬಡಿದಾಡುತ್ತಿರುತ್ತದೆ. ಪ್ರತಿ ಸಲ ಚುಚ್ಚಿದಾಗಲೂ ತಟ್ಟೆ ಗೀರಿಹೋಗುವ ಅಪಾಯ. ಗೀರಿದ ಜಾಗದಲ್ಲಿದ್ದದ್ದನ್ನು ಯಾವ ತಜ್ಞರೂ ತರಲಾರರು. ಹಾಗೆಯೇ ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆಯಬೇಡಿ. ಯೂಟ್ಯೂಬಿನಲ್ಲಿ ಅಡುಗೆಮನೆ ಮೇಜಿನ ಮೇಲೆ ತೆಗೆಯುವವರಿದ್ದಾರೆ, ಅದರಲ್ಲಿ ಅವರ ಅಪ್ಪನ ಫೋಟೋ ಇರುವುದಿಲ್ಲ.

ಒಂದು ಅಡ್ಡಮಾತು. ಮೊಟ್ಟಮೊದಲ ಹಾರ್ಡ್ ಡಿಸ್ಕ್ ಯಂತ್ರವನ್ನು ಐಬಿಎಂ ಹೊರತಂದದ್ದು 1956ರಲ್ಲಿ, ನಮ್ಮ ಕರ್ನಾಟಕ ಏಕೀಕರಣವಾದ ವರ್ಷ. ಎರಡು ಅಡಿ ಅಗಲದ 50 ತಟ್ಟೆಗಳು, ಎರಡು ಫ್ರಿಜ್ ಅಕ್ಕಪಕ್ಕ ಇಟ್ಟಷ್ಟು ಗಾತ್ರ, ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಇವತ್ತು ನಾವು ಬೆಳಿಗ್ಗೆ ಕಳಿಸುವ ಎರಡು ಗುಡ್ ಮಾರ್ನಿಂಗ್ ವಿಡಿಯೋ ಅದರೊಳಗೆ ಕೂರುವುದಿಲ್ಲ.

ಈಗ ಪರದೆಗೆ ಬರೋಣ. ಸದ್ದು ಸರಿ ಇದೆ, ತಂತಿ ಸರಿ ಇದೆ, ಆದರೂ "ದಿಸ್ ಪಿಸಿ" ತೆರೆದರೆ ಡಿಸ್ಕ್ ಇಲ್ಲ. ಮೊದಲು ಒಮ್ಮೆ "ರೀಸ್ಟಾರ್ಟ್" ಕೊಡಿ. ಶಟ್ ಡೌನ್ ಮಾಡಿ ಆನ್ ಮಾಡುವುದು ಬೇರೆ, ಇದು ಬೇರೆ. ಈಗಿನ ವಿಂಡೋಸ್ ಶಟ್ ಡೌನ್ ಅಂದಾಗ ಪೂರ್ತಿ ಮಲಗುವುದಿಲ್ಲ, ಬೇಗ ಏಳಲಿಕ್ಕೆ ಅರ್ಧ ನೆನಪು ಇಟ್ಟುಕೊಂಡೇ ಕಣ್ಣು ಮುಚ್ಚುತ್ತದೆ. ರೀಸ್ಟಾರ್ಟ್ ಅಂದರೆ ಮಾತ್ರ ಎಲ್ಲವನ್ನೂ ಹೊಸದಾಗಿ ನೋಡುತ್ತದೆ.

ಆಮೇಲೆ ಸ್ಟಾರ್ಟ್ ಬಟನ್ ಮೇಲೆ ಮೌಸಿನ ಬಲಗಡೆ ಒತ್ತಿ. ಬರುವ ಪಟ್ಟಿಯಲ್ಲಿ "ಡಿಸ್ಕ್ ಮ್ಯಾನೇಜ್‌ಮೆಂಟ್" ಅಂತ ಇರುತ್ತದೆ, ಅದನ್ನು ತೆರೆಯಿರಿ. ತೆರೆದು ನೋಡುವುದರಿಂದ ಏನೂ ಕೆಡುವುದಿಲ್ಲ, ಕಾಣುವುದನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಕೆಳಭಾಗದಲ್ಲಿ ಡಿಸ್ಕ್ 0, ಡಿಸ್ಕ್ 1 ಅಂತ ಸಾಲುಗಳಿರುತ್ತವೆ. ಕಂಪ್ಯೂಟರಿನ ಸ್ವಂತದ್ದು ಸಾಮಾನ್ಯವಾಗಿ 0, ನೀವು ಹಾಕಿದ್ದು 1. ಜಿಬಿ ಲೆಕ್ಕ ನೋಡಿದರೆ ಯಾವುದು ಯಾವುದೆಂದು ಗೊತ್ತಾಗುತ್ತದೆ.

ಅಲ್ಲಿ ನಿಮ್ಮ ಡಿಸ್ಕ್ ಇದೆ, ಆರೋಗ್ಯವಾಗಿದೆ ಅಂತ ಬರೆದಿದೆ, ಆದರೆ ಇ, ಎಫ್ ಅಂತ ಅಕ್ಷರ ಇಲ್ಲ ಅಂದರೆ ಸಂತೋಷಪಡಿ. ಮನೆ ಇದೆ, ಬಾಗಿಲಿಗೆ ನಂಬರ್ ಇಲ್ಲ, ಅಷ್ಟೇ. ಆ ಪಟ್ಟಿಯ ಮೇಲೆ ಬಲಗಡೆ ಒತ್ತಿ "ಚೇಂಜ್ ಡ್ರೈವ್ ಲೆಟರ್" ಅನ್ನುವುದರಲ್ಲಿ ಒಂದು ಅಕ್ಷರ ಕೊಟ್ಟರೆ ಮುಗಿಯಿತು. ಕಚೇರಿಯ ಲ್ಯಾಪ್‌ಟಾಪ್ ಇರುವವರಿಗೆ ಇದು ಆಗುವುದುಂಟು: ಕಚೇರಿಯ ಸರ್ವರಿಗೆ ಆಗಲೇ ಒಂದು ಅಕ್ಷರ ಹೋಗಿರುತ್ತದೆ, ಡಿಸ್ಕಿಗೂ ಅದೇ ಅಕ್ಷರ ಬಂದು ಎರಡರಲ್ಲಿ ಒಂದು ಮರೆಯಾಗುತ್ತದೆ. ನಾನಂತೂ ನಮ್ಮ ಡಿಸ್ಕುಗಳಿಗೆ ಪಿ, ಕ್ಯೂ, ಆರ್ ಥರ ಹಿಂದಿನ ಅಕ್ಷರಗಳನ್ನೇ ಕೊಡುವುದು. "ಆಫ್‌ಲೈನ್" ಅಂತಿದ್ದರೂ ಹೆದರಬೇಡಿ, ಬಲಗಡೆ ಒತ್ತಿ "ಆನ್‌ಲೈನ್" ಮಾಡಬಹುದು.

ಇಲ್ಲಿಂದ ಮುಂದೆ ಎಚ್ಚರ. ಹಳೆಯ ಡಿಸ್ಕ್ ಹಾಕಿದಾಗ "ಯು ನೀಡ್ ಟು ಫಾರ್ಮ್ಯಾಟ್ ದ ಡಿಸ್ಕ್" ಅಂತ ಪೆಟ್ಟಿಗೆ ಬಂದರೆ, ಅಥವಾ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ "ರಾ" ಅಂತಲೋ, "ನಾಟ್ ಇನಿಷಿಯಲೈಜ್ಡ್" ಅಂತಲೋ ಕಂಡರೆ, ಕ್ಯಾನ್ಸಲ್ ಒತ್ತಿ. ಕಂಪ್ಯೂಟರ್ ಕೇಳುವ ಧಾಟಿ ಎಷ್ಟು ಸಹಜ ಅಂದರೆ, ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೇನೋ ಅನ್ನಿಸುತ್ತದೆ. ಅದು ಹೇಳುತ್ತಿರುವುದು ಇಷ್ಟೇ: "ಈ ಪುಸ್ತಕದ ಪರಿವಿಡಿ ನನಗೆ ಓದಲು ಬರುತ್ತಿಲ್ಲ, ಹರಿದು ಹೊಸದು ಬರೆಯಲಾ?" ಪರಿವಿಡಿ ಹಾಳಾಗಿದ್ದರೂ ಪುಟಗಳು ಬಹುಪಾಲು ಒಳಗೇ ಇರುತ್ತವೆ. ಅಂಗಡಿಯಿಂದ ಇವತ್ತೇ ತಂದ ಖಾಲಿ ಡಿಸ್ಕಿಗಾದರೆ ಇನಿಷಿಯಲೈಜ್, ಫಾರ್ಮ್ಯಾಟ್ ಎಲ್ಲ ಧಾರಾಳವಾಗಿ ಮಾಡಿ. 2 ಟಿಬಿಗಿಂತ ದೊಡ್ಡದಾದರೆ ಜಿಪಿಟಿ ಅನ್ನುವುದನ್ನೇ ಆರಿಸಿ, ಎಂಬಿಆರ್ ಅಷ್ಟು ಜಾಗ ಕಾಣಲಾರದು.

ಡಿಸ್ಕಿನದೇನೂ ತಪ್ಪಿಲ್ಲದೆಯೂ ಫಾರ್ಮ್ಯಾಟ್ ಕೇಳುವುದುಂಟು. ಮಗಳ ಆಪಲ್ ಕಂಪ್ಯೂಟರಿನಲ್ಲಿ ಬಳಸಿದ ಡಿಸ್ಕನ್ನು ನಮ್ಮ ವಿಂಡೋಸಿಗೆ ಹಾಕಿದರೆ ಅದಕ್ಕೆ ಆ ಬರವಣಿಗೆ ಗೊತ್ತಿಲ್ಲ. ಟಿವಿಯ ಸೆಟ್ ಟಾಪ್ ಬಾಕ್ಸಿಗೆ ರೆಕಾರ್ಡಿಂಗ್‌ಗೆಂದು ಹಾಕಿದ್ದೂ ಹಾಗೆಯೇ. ಮಲಯಾಳಂ ಪುಸ್ತಕ ಕೈಗೆ ಬಂದರೆ ನನಗೆ ಓದಲು ಬರುವುದಿಲ್ಲ, ಹಾಗಂತ ಪುಸ್ತಕ ಖಾಲಿ ಅಲ್ಲವಲ್ಲ. ಡಿಸ್ಕ್ ಕೊನೆಗೆ ಯಾವ ಯಂತ್ರದಲ್ಲಿ ಕೆಲಸ ಮಾಡಿತ್ತೋ ಅದಕ್ಕೇ ಹಾಕಿ ನೋಡಿ. ಎರಡೂ ಕಡೆ ಓಡಬೇಕಾದರೆ ಖಾಲಿ ಇದ್ದಾಗಲೇ ಎಕ್ಸ್‌ಫ್ಯಾಟ್ ಅನ್ನುವ ಬಗೆಯಲ್ಲಿ ಫಾರ್ಮ್ಯಾಟ್ ಮಾಡಿಟ್ಟರೆ ಒಳ್ಳೆಯದು.

ಈಗ ನಮ್ಮ ಸಂಘದವರೇ ಆದ ಒಬ್ಬ ಹಿರಿಯರ ವಿಷಯ, ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಧಾರವಾಡ ಕಡೆಯವರು, ನಾವೆಲ್ಲ ಕಾಕೂ ಅನ್ನುತ್ತೇವೆ. ಅವರ ತಾಯಿ ಬೀಸುವ ಪದ, ಸೋಬಾನೆ ಪದ, ತೊಟ್ಟಿಲ ಪದ ಹಾಡುತ್ತಿದ್ದರಂತೆ. ಬಹಳ ಹಿಂದೆ 14 ಕ್ಯಾಸೆಟ್ಟುಗಳಲ್ಲಿ ತುಂಬಿಕೊಂಡಿದ್ದರು. 2009ರಲ್ಲಿ ಮಗ ಅಷ್ಟನ್ನೂ ಕಂಪ್ಯೂಟರಿಗೆ ಇಳಿಸಿ ಒಂದು ಡಿಸ್ಕಿನಲ್ಲಿ ಹಾಕಿಕೊಟ್ಟಿದ್ದ. ಆಮೇಲೆ ಇಲ್ಲಿಯ ಮಳೆಗಾಲಗಳಿಗೆ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದು ಹೋದವು. ಉಳಿದದ್ದು ಆ ಡಿಸ್ಕ್ ಒಂದೇ. ತಾಯಿ ತೀರಿಕೊಂಡು ಹನ್ನೊಂದು ವರ್ಷ.

ಹೊಸ ಲ್ಯಾಪ್‌ಟಾಪಿಗೆ ಹಾಕಿದರೆ ಅದು ಕಾಣಲಿಲ್ಲ. ಹತ್ತಿರದ ಒಂದು ಅಂಗಡಿಗೆ ಒಯ್ದರೆ, "ಫಾರ್ಮ್ಯಾಟ್ ಮಾಡಿ ಆಮೇಲೆ ರಿಕವರಿ ಮಾಡೋಣ, ಬಿಟ್ಟು ಹೋಗಿ" ಅಂದರಂತೆ. ಕಾಕೂಗೆ ಕಂಪ್ಯೂಟರ್ ಗೊತ್ತಿಲ್ಲ, ಆದರೆ ಫಾರ್ಮ್ಯಾಟ್ ಅನ್ನುವ ಶಬ್ದ ಸರಿ ಕಾಣಲಿಲ್ಲ. "ಮೊದಲ ಅಳಿಸಿ ಆಮ್ಯಾಲೆ ಹುಡುಕತೇನಿ ಅಂತಾನ, ಇದು ಯಾವ ಶಾಣ್ಯಾತನ ತಂಗೀ" ಅಂದರು ನನಗೆ. ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಟ್ಟು ಲೋಕಲ್ ಟ್ರೇನಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ತಂದಿದ್ದರು.

ಚುಚ್ಚಿದರೆ ಎದ್ದಂತೆ ಮಾಡಿ ಕುಸಿಯುತ್ತಿತ್ತು. ತಂತಿ ನೋಡಿದೆ, ಯಾವುದೋ ಕ್ಯಾಮೆರಾದ್ದು. ಆ ಕಾಲದ ಹಲವು ಡಿಸ್ಕುಗಳ ಜೊತೆ ಎರಡು ಬಾಲದ ತಂತಿ ಬರುತ್ತಿತ್ತು. ಎರಡು ಕಿಂಡಿಗೆ ಎರಡು ಬಾಲ ಚುಚ್ಚಿ ಎರಡರಿಂದಲೂ ಕರೆಂಟು ಎಳೆಯುವ ಉಪಾಯ. ನನ್ನ ಪೆಟ್ಟಿಗೆಯಲ್ಲಿ ಅಂಥದ್ದೊಂದು ಇತ್ತು. ಹಾಕಿದೆ, ಗುಯ್ ಅಂತ ಒಂದೇ ಸಮ ತಿರುಗಿತು. ಕಾಕೂ ಕೈ ಮುಗಿದರು. ಆದರೆ ಪರದೆಯ ಮೇಲೆ ಫಾರ್ಮ್ಯಾಟ್ ಪ್ರಶ್ನೆ ಬಂತು, ಪರಿವಿಡಿಯ ಜಾಗದಲ್ಲೇ ತಟ್ಟೆ ಸವೆದಿತ್ತು.

ಇಂಥ ಹೊತ್ತಿನಲ್ಲಿ ಎರಡು ಆಸೆ ತಡೆಯಬೇಕು. ಒಂದು, ರಿಪೇರಿ ಮಾಡಿಸುವ ಆಸೆ. ವಿಂಡೋಸಿನಲ್ಲಿ ಚೆಕ್ ಡಿಸ್ಕ್ ಅಂತ ಇದೆ, ಒಳ್ಳೆಯ ಡಿಸ್ಕಿಗೆ ಒಳ್ಳೆಯದೇ. ಸಾಯುತ್ತಿರುವ ಡಿಸ್ಕಿಗೆ ಅದನ್ನು ಓಡಿಸಿದರೆ ಅಲ್ಲೇ ಬರೆಯುತ್ತ ಅಲ್ಲೇ ಅಳಿಸುತ್ತ ಹೋಗುತ್ತದೆ. ಇನ್ನೊಂದು, ಬೇಕಾದ ಫೈಲನ್ನು ಆ ಡಿಸ್ಕಿನಲ್ಲೇ ಹುಡುಕಾಡುವ ಆಸೆ. ಹುಡುಕಿದಷ್ಟೂ ತೋಳು ಓಡಾಡುತ್ತದೆ. ಮೊದಲು ಇಡೀ ಡಿಸ್ಕನ್ನು, ಪರಿವಿಡಿ ಪುಟ ಯಾವುದೂ ನೋಡದೆ, ಮೊದಲಿಂದ ಕೊನೆಯವರೆಗೆ ಇನ್ನೊಂದು ದೊಡ್ಡ ಡಿಸ್ಕಿಗೆ ಯಥಾಪ್ರತಿ ಇಳಿಸಿಕೊಳ್ಳಬೇಕು. ಡಿಡಿರೆಸ್ಕ್ಯೂ ಅನ್ನುವ ಉಚಿತ ತಂತ್ರಾಂಶ ಲಿನಕ್ಸಿನಲ್ಲಿ ಇದೆ. ಅದರ ಗುಣ ನನಗೆ ಬಹಳ ಇಷ್ಟ. ಸುಲಭವಾಗಿ ಬರುವುದನ್ನೆಲ್ಲ ಮೊದಲು ತೆಗೆದುಕೊಳ್ಳುತ್ತದೆ, ಕಷ್ಟದ ಜಾಗಗಳನ್ನು ಗುರುತು ಹಾಕಿ ಬಿಡುತ್ತದೆ, ಕೊನೆಗೆ ತಿರುಗಿ ಬಂದು ಅವಕ್ಕೆ ಕೈ ಹಾಕುತ್ತದೆ. ಮೂಲ ಡಿಸ್ಕಿನ ಮೇಲೆ ಒಂದಕ್ಷರ ಬರೆಯುವುದಿಲ್ಲ. ಆದರೆ ಯಾವುದು ಮೂಲ ಯಾವುದು ನಕಲು ಅಂತ ಹೇಳಿಕೊಡಬೇಕಾದವರು ನಾವು, ಅಲ್ಲಿ ಅದಲುಬದಲಾದರೆ ಎಲ್ಲ ಮುಗಿಯಿತು. ಲಿನಕ್ಸ್ ಅಭ್ಯಾಸ ಇಲ್ಲದವರು ಬಲ್ಲವರ ಪಕ್ಕದಲ್ಲಿ ಕೂತೇ ಮಾಡಿ.

320 ಜಿಬಿಯ ಆ ಡಿಸ್ಕ್ ಆರೋಗ್ಯವಾಗಿದ್ದರೆ ಮೂರು ನಾಲ್ಕು ಗಂಟೆಯ ಕೆಲಸ. ಅವತ್ತು ಸಂಜೆ ಶುರು ಮಾಡಿದ್ದು ಮರುದಿನ ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ಪಕ್ಕದಲ್ಲಿ ಒಂದು ಚಿಕ್ಕ ಫ್ಯಾನ್ ಇಟ್ಟಿದ್ದೆ. ಆಮೇಲೆ ನಕಲಿನ ಮೇಲೆ ಟೆಸ್ಟ್‌ಡಿಸ್ಕ್ ಅನ್ನುವ ಇನ್ನೊಂದು ಉಚಿತ ತಂತ್ರಾಂಶ ಓಡಿಸಿದಾಗ ಹೆಸರುಗಳು ಒಂದೊಂದೇ ಬಂದವು. 14 ಕ್ಯಾಸೆಟ್ಟಿನಲ್ಲಿ 13 ಪೂರ್ತಿ. ಒಂದರಲ್ಲಿ ಮಾತ್ರ ಮಧ್ಯೆ ಸುಮಾರು 40 ಸೆಕೆಂಡು ಮೌನ, ಬೀಸುವ ಪದದ ನಡುವೆ. ಕಾಕೂ ಫೋನಿನಲ್ಲೇ ಆ ಎರಡು ಮೂರು ಸಾಲು ಹಾಡಿ ತೋರಿಸಿದರು, ಬಾಯಿಪಾಠ ಇತ್ತು. ನೀವು ಹಾಡಿದ್ದನ್ನು ಅಲ್ಲಿ ಸೇರಿಸಿಬಿಡಲಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬ್ಯಾಡ ತಂಗೀ. ಅವ್ವನ ಜಾಗಾ ಹಂಗ ಇರಲಿ. ನಂದು ಬ್ಯಾರೆ ಇಡು" ಅಂದರು. ಹಾಗೇ ಮಾಡಿದ್ದೇವೆ.

ಇನ್ನು, ಟಿಕ್ ಟಿಕ್ ಅನ್ನುವ ಡಿಸ್ಕ್ ಮನೆಯಲ್ಲಿ ಆಗುವ ಕೆಲಸ ಅಲ್ಲ. ಧೂಳಿಲ್ಲದ ಕೋಣೆ ಇರುವ ಡೇಟಾ ರಿಕವರಿಯವರಿಗೇ ಕೊಡಬೇಕು. ಮುಂಬಯಿಯವರು ಲ್ಯಾಮಿಂಗ್ಟನ್ ರೋಡಿಗೆ ಓಡುತ್ತಾರೆ, ದೆಹಲಿಯವರು ನೆಹರೂ ಪ್ಲೇಸಿಗೆ, ಚೆನ್ನೈಯವರು ರಿಚಿ ಸ್ಟ್ರೀಟಿಗೆ. ಅಲ್ಲಿ ಬಿಡಿಭಾಗ ಮಾರುವವರು ಬೇರೆ, ಈ ಕೆಲಸ ನಿಜವಾಗಿ ಮಾಡುವವರು ಬೇರೆ. ಡಿಸ್ಕನ್ನು ನೀವೇ ಬಿಚ್ಚುತ್ತೀರೋ, ಬೇರೆಯವರಿಗೆ ಕಳಿಸುತ್ತೀರೋ ಅಂತ ನೇರವಾಗಿ ಕೇಳಿ. ಏನೂ ಸಿಗದಿದ್ದರೆ ಎಷ್ಟು ಕೊಡಬೇಕು ಅಂತ ಮೊದಲೇ ಬರೆಸಿಕೊಳ್ಳಿ. ಸೀರಿಯಲ್ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ, ನಿಮ್ಮದೇ ಡಿಸ್ಕ್ ವಾಪಸ್ ಬಂತಾ ನೋಡಲಿಕ್ಕೆ. ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು: ಆ ಡಿಸ್ಕಿನಲ್ಲಿ ಆಧಾರ್, ಪ್ಯಾನ್, ಬ್ಯಾಂಕಿನ ಕಾಗದ, ಮನೆಯೊಳಗಿನ ಫೋಟೋಗಳು ಎಲ್ಲ ಇರುತ್ತವೆ. ಸಿಕ್ಕ ಫೈಲುಗಳ ಪ್ರತಿ ಅವರ ಹತ್ತಿರ ಎಷ್ಟು ದಿನ ಇರುತ್ತದೆ, ಯಾವಾಗ ಅಳಿಸುತ್ತಾರೆ ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಉತ್ತರ ಹೇಳಲು ತಡವರಿಸುವವರ ಹತ್ತಿರ ಬಿಡಬೇಡಿ.

ನಮ್ಮ ಕನ್ನಡದವರಿಗೆ ಬರುವ ಒಂದು ತೊಂದರೆ ಇದೆ. ಡಿಸ್ಕ್ ಸಿಕ್ಕಿತು, ಫೈಲ್ ಸಿಕ್ಕಿತು, ತೆರೆದರೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಚುಕ್ಕಿ, ಟೋಪಿ ಹಾಕಿದಂಥ ಗೊಜ್ಜು. ಡಿಸ್ಕಿನ ಜೊತೆ ಬರಹವೂ ಹೋಯಿತು ಅಂತ ಎಸೆದುಬಿಡಬೇಡಿ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಬರಹ, ನುಡಿ, ಶ್ರೀಲಿಪಿಗಳಲ್ಲಿ ಟೈಪ್ ಮಾಡಿದ್ದು ಹಾಗೆ ಕಾಣುತ್ತದೆ. ಆ ಫಾಂಟ್ ಕಂಪ್ಯೂಟರಿನಲ್ಲಿ ಇಲ್ಲ, ಅಷ್ಟೇ ಕಾರಣ. ಫಾಂಟ್ ಹಾಕಿಕೊಂಡರೆ ಅಕ್ಷರ ಎದ್ದು ಬರುತ್ತದೆ, ಯೂನಿಕೋಡಿಗೆ ಪರಿವರ್ತಿಸುವ ಸಲಕರಣೆಗಳೂ ಇವೆ. ಒತ್ತಕ್ಷರದಲ್ಲಿ ಅಲ್ಲಲ್ಲಿ ತಪ್ಪು ಉಳಿಯುತ್ತದೆ, ಕೂತು ತಿದ್ದಬೇಕು. ನಮ್ಮ ಸಂಘದ ಹಳೆಯ ಸಂಚಿಕೆಗಳ ಕಡತ ಇರುವವರು ಇದನ್ನು ನೆನಪಿಡಿ.

ನಿಮ್ಮ ಪ್ರಶ್ನೆಗಳಿಗೆ ಸಮಯ ಬಿಟ್ಟು ಇಲ್ಲಿಗೆ ನಿಲ್ಲಿಸುತ್ತೇನೆ.

ಸಭಿಕರ ಪ್ರಶ್ನೆಗಳು

ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದೆ ಅಂತಾರಲ್ಲ?

ಬೇಡ. ತೆಗೆದ ಕೂಡಲೇ ಹಾಲಿನ ಪ್ಯಾಕೆಟ್ಟಿನ ಮೇಲೆ ನೀರು ಕೂರುತ್ತದಲ್ಲ, ಅದೇ ನೀರು ತಟ್ಟೆಯ ಮೇಲೂ ಕೂರುತ್ತದೆ. ಅದರಲ್ಲೂ ಇಲ್ಲಿಯ ಸೆಖೆಯಲ್ಲಿ.

ಲ್ಯಾಪ್‌ಟಾಪ್ ಸತ್ತಿದೆ, ಒಳಗಿನ ಡಿಸ್ಕ್ ತೆಗೆದು ಬೇರೆ ಕಡೆ ಹಾಕಬಹುದಾ?

ಹಳೆಯದಾದರೆ ಸಾಮಾನ್ಯವಾಗಿ ಬಿಚ್ಚಿ ಒಂದು ಕೇಸಿಂಗಿಗೆ ಹಾಕಿದರೆ ಪೋರ್ಟಬಲ್ ಡಿಸ್ಕಿನ ಹಾಗೆ ಓದಬಹುದು. ಕೆಲವು ತೆಳ್ಳಗಿನ ಹೊಸ ಲ್ಯಾಪ್‌ಟಾಪುಗಳಲ್ಲಿ ಅದು ಬೋರ್ಡಿಗೇ ಬೆಸೆದಿರುತ್ತದೆ, ತೆಗೆಯಲು ಆಗುವುದಿಲ್ಲ. ಇನ್ನೊಂದು, ಈಗಿನ ಹಲವು ವಿಂಡೋಸ್ ಲ್ಯಾಪ್‌ಟಾಪುಗಳು ನಮ್ಮನ್ನು ಹೆಚ್ಚು ಕೇಳದೆ ಡಿಸ್ಕಿಗೆ ಬೀಗ ಹಾಕಿಡುತ್ತವೆ. ಬಿಟ್‌ಲಾಕರ್ ಅಂತ ಅದರ ಹೆಸರು. ಬೇರೆ ಕಡೆ ಹಾಕಿದರೆ 48 ಅಂಕಿಯ ಕೀಲಿ ಕೇಳುತ್ತದೆ. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಉಳಿದಿರುವ ಸಾಧ್ಯತೆ ಹೆಚ್ಚು. ಖಾತೆ ಯಾರ ಹೆಸರಿನಲ್ಲಿದೆ? ಯಜಮಾನರದ್ದೋ, ಮಗನದ್ದೋ? ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಕೇಳಿ, ಕೀಲಿಯನ್ನು ಕಾಗದದಲ್ಲಿ ಬರೆದು ಮನೆಪತ್ರದ ಜೊತೆ ಇಡಿ.

ಗೂಗಲ್‌ನಲ್ಲಿ ಎಲ್ಲ ತಾನೇ ಉಳಿಯುತ್ತದಲ್ಲ, ಡಿಸ್ಕ್ ಯಾಕೆ ಬೇಕು?

ಪುಕ್ಕಟೆ ಸಿಗುವುದು 15 ಜಿಬಿ, ಅದರಲ್ಲೇ ಮೇಲ್ ಕೂಡ. 2021ರ ಜೂನ್ 1ರಿಂದ ಹಾಕಿದ ಫೋಟೋಗಳೂ ಆ ಲೆಕ್ಕಕ್ಕೆ ಬರುತ್ತವೆ. ನಾನು ಮುಖ್ಯವಾದದ್ದನ್ನು ಎರಡು ಡಿಸ್ಕಿನಲ್ಲಿ ಇಡುತ್ತೇನೆ, ಒಂದು ಇಲ್ಲಿ, ಒಂದು ಊರಲ್ಲಿ ತಮ್ಮನ ಮನೆಯಲ್ಲಿ. ತೀರಾ ಬೇಕಾದ ಸ್ವಲ್ಪವನ್ನು ಗೂಗಲ್‌ನಲ್ಲೂ. ಗಣೇಶ ಚತುರ್ಥಿಗೆ ಊರಿಗೆ ಹೋದಾಗ ಎರಡೂ ಡಿಸ್ಕ್ ಚುಚ್ಚಿ, ಈ ವರ್ಷದ್ದನ್ನು ಸೇರಿಸಿ ಬರುತ್ತೇನೆ. ವಾಟ್ಸಾಪಿನಲ್ಲಿ ಕಳಿಸಿದ್ದು ಪ್ರತಿ ಅಂತ ಲೆಕ್ಕ ಅಲ್ಲ, ಅದು ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ.

ಡಿಸ್ಕನ್ನು ಎಲ್ಲಿಡಬೇಕು? ನಮ್ಮಲ್ಲಿ ದೇವರ ಮನೆಯ ಕಪಾಟಿನಲ್ಲಿದೆ.

ಭಕ್ತಿ ಸರಿ, ಆದರೆ ಕರ್ಪೂರದ ಮಸಿ, ಎಣ್ಣೆ ಜಿಡ್ಡು ಎರಡೂ ಅಲ್ಲಿವೆ. ಗಾಳಿಯಾಡದ ಡಬ್ಬಿಯಲ್ಲಿ, ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಹಾಕಿ, ಬಟ್ಟೆ ಬೀರುವಿನಲ್ಲಿಡಿ. ಅದರದೇ ತಂತಿಯನ್ನು ಅದೇ ಡಬ್ಬಿಯಲ್ಲಿ, ಬಿಗಿಯಾಗಿ ಸುತ್ತದೆ. ಮೂರು ತಿಂಗಳಿಗೊಮ್ಮೆ ಹಾಕಿ ತೆರೆದು ನೋಡಿ. ತೆಗೆಯುವಾಗ "ಇಜೆಕ್ಟ್" ಒತ್ತಿ, ಸದ್ದು ನಿಂತ ಮೇಲೆ ಕೈ ಹಾಕಿ. ಎರಡನೇ ಶನಿವಾರ ಸಂಜೆ ನಾಲ್ಕರಿಂದ ನಾನು ಸಂಘದ ಕೋಣೆಯಲ್ಲಿ ಇರುತ್ತೇನೆ. ತರುವವರು ಡಿಸ್ಕ್, ತಂತಿ, ಅಡಾಪ್ಟರ್ ಮೂರನ್ನೂ ತನ್ನಿ, ಜೊತೆಗೆ ಅದಕ್ಕಿಂತ ದೊಡ್ಡದಾದ ಒಂದು ಖಾಲಿ ಡಿಸ್ಕ್ ಕೂಡ.